ಹುಣಸೆಬೀಜದಷ್ಟು ಮಚ್ಚೆ

ಆ ಬೀದಿಯಲ್ಲಿ ಸ್ಟುಡಿಯೋದವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು ‘ನಗಬೇಡಿ ಮಾವ’. ಒಂದು ಕಾಲದಲ್ಲಿ “ಸ್ವಲ್ಪ ನಗಿ, ಇನ್ನೂ ಸ್ವಲ್ಪ” ಎಂದು ಗಂಟುಮುಖದವರಿಂದಲೂ ಹಲ್ಲು ಕಿರಿಸಿದ ಮನುಷ್ಯ! ಎಲ್ಲರ ಕೈಗೂ ಫೋನು ಬಂದು ಮದುವೆ ಫೋಟೊದ ಕೆಲಸ ಕೈತಪ್ಪಿದ ಮೇಲೆ, ಹೊರದೇಶಕ್ಕೆ ಓದಲು ಹೋಗುವ ಮಕ್ಕಳೇ ಅವನ ಅಂಗಡಿಯ ದೀಪ ಆರದಂತೆ ನೋಡಿಕೊಂಡರು. ವೀಸಾ ಫೋಟೊದಲ್ಲಿ ನಗುವಂತಿಲ್ಲವಲ್ಲ. “ನಗಬೇಡಿ. ಕಿವಿ ಕಾಣಲಿ. ಗದ್ದ ಮೇಲೆ... ಅಷ್ಟು ಬೇಡ, ಸೂರಲ್ಲೇನಿದೆ?” ಎಂದು ದಿನವಿಡೀ ಅದೇ ಪಾಠ.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ ಅವನ ಕೈಚಳಕ ಮಾತ್ರ ಹೋಗಲಿಲ್ಲ. ಗಂಡಿನ ಮನೆಗೆ ಕಳಿಸುವ ಹೆಣ್ಣುಮಕ್ಕಳ ಫೋಟೊ ತಿದ್ದಿಯೇ ಹೆಸರು ಮಾಡಿದವನು. ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಏನೇ ಇರಲಿ, “ಒಂದು ಕೈ ಆಡಿಸ್ತೀನಿ, ತಾಳಿ” ಅನ್ನುತ್ತಿದ್ದ. ಹೆಂಡತಿ ಮೂದಲಿಸುತ್ತಿದ್ದಳು: “ನಿಮ್ಮ ಫೋಟೊ ನೋಡಿ ಬಂದೋರು, ಹುಡುಗಿ ಎದುರಿಗೇ ಕೂತಿದ್ರೂ ಹುಡುಗಿ ಎಲ್ಲಿ ಅಂತ ಕೇಳ್ತಾರೆ.”

ಪಕ್ಕದ ಅಂಗಡಿ ಟೈಲರಮ್ಮನದು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ ತುಳಿದೇ ಮಗಳನ್ನು ಸಾಕಿದವಳು. ಅವಳು ಇವನನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ಮಗಳಿಗೆ ಇವನು ನಿಜಕ್ಕೂ ಮಾವನೇ ಆಗಿಬಿಟ್ಟಿದ್ದ. ಆ ಹುಡುಗಿಯ ಎಡಗೆನ್ನೆಯ ಮೇಲೆ ಹುಣಸೆಬೀಜದಷ್ಟು ದೊಡ್ಡ ಮಚ್ಚೆ. ಶಾಲೆಯ ಫೋಟೊದಿಂದ ಹಿಡಿದು ಪ್ರತಿ ಸಲವೂ ತಾಯಿ ಕೌಂಟರಿನ ಮೇಲೆ ಬಾಗಿ, “ಅಣ್ಣಾ, ಅದೊಂದನ್ನ ಸ್ವಲ್ಪ...” ಎಂದು ದನಿ ತಗ್ಗಿಸುತ್ತಿದ್ದಳು. ಅವನು ಅಳಿಸಿ ಕೊಡುತ್ತಿದ್ದ. ಫೋನಿನಲ್ಲಿ ಮಗಳ ಫೋಟೊ ತೆಗೆಯಲು ಅವಳು ಯಾರನ್ನೂ ಬಿಡುತ್ತಿರಲಿಲ್ಲ. ಫೋಟೊ ಮೆಚ್ಚಿ ಹೆಣ್ಣು ನೋಡಲು ಎರಡು ಕಡೆಯವರು ಬಂದರು, ತಿಂಡಿ ತಿಂದು ಕೈ ಒರೆಸಿಕೊಂಡು ಹೋದರು. “ಫೋಟೊದಲ್ಲಿ ಅದು ಇರಲಿಲ್ವಲ್ಲ” ಎಂದು ಹೇಳಿ ಕಳಿಸಿದರು. ಅವರ ಮನೆ ಹಾಳಾಗ!

ಹುಡುಗಿ ಸಾಕು ಸಾಕೆಂದು ಪುಸ್ತಕ ಹಿಡಿದಳು. ನೀರಿನ ಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಲೇ ಹೊರದೇಶದ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದಳು. ಫೋಟೊಕ್ಕೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. “ಮಾವ, ಒಳಗೆ ಬಿಡೋಕೊಂದು ಕಾಗದ, ಅಲ್ಲಿ ಇರೋಕೊಂದು, ಓದ್ತಾ ಕೆಲಸ ಮಾಡೋಕೆ ಮತ್ತೊಂದು. ಎಲ್ಲದಕ್ಕೂ ಇದೇ ಫೋಟೊ. ಚೆನ್ನಾಗಿ ತೆಗೀರಿ.”

ಚೆನ್ನಾಗಿ ಎಂದ ಮೇಲೆ ಕೇಳಬೇಕೇ? ಅವನ ಕೈ ತಾನಾಗಿಯೇ ಆಡಿತು. ತಾಯಿಯೂ ಗಮನಿಸಲಿಲ್ಲ, ಮಗಳೂ ಗಮನಿಸಲಿಲ್ಲ. ಮಚ್ಚೆಯಿಲ್ಲದ ಮುಖವನ್ನೇ ಫೋಟೊದಲ್ಲಿ ನೋಡಿ ನೋಡಿ ಇಬ್ಬರಿಗೂ ಅಭ್ಯಾಸವಾಗಿತ್ತು.

ಒಂದು ಮಧ್ಯಾಹ್ನ ಟೈಲರಮ್ಮ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದಳು. “ಏನ್ ಮಾಡ್ಬಿಟ್ಟೆ ಅಣ್ಣಾ!” ವೀಸಾ ಕಚೇರಿಯವರು ಅರ್ಜಿ ವಾಪಸ್ ಕಳಿಸಿದ್ದರು. ಪಾಸ್‌ಪೋರ್ಟಿನ ಫೋಟೊ ಸರ್ಕಾರಿ ಕಚೇರಿಯಲ್ಲೇ ತೆಗೆದದ್ದು, ಮಚ್ಚೆ ಅದರಲ್ಲಿತ್ತು. ಪಾಸ್‌ಪೋರ್ಟಿನಲ್ಲಿರುವವಳೂ ಈ ಫೋಟೊದವಳೂ ಒಬ್ಬಳೇ ಎಂಬ ನಂಬಿಕೆ ಇಲ್ಲ, ಹೊಸ ಫೋಟೊ ಹಿಡಿದು ಖುದ್ದಾಗಿ ಬರಬೇಕು ಎಂದಿದ್ದರು. ಅಲ್ಲೂ ನಂಬದಿದ್ದರೆ ವೀಸಾ ಇಲ್ಲ. ವೀಸಾ ಇಲ್ಲದಿದ್ದರೆ ಸೀಟು ಬೇರೆಯವರ ಪಾಲು.

ಅವನು ಕಂಪ್ಯೂಟರಿನಲ್ಲಿ ಆ ಫೋಟೊ ತೆರೆದು ನೋಡಿದ. ಎಡಗೆನ್ನೆ ನುಣ್ಣಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವನು ತಾನೇ! ಹಿಂದೆಯೇ ಬಂದ ಹುಡುಗಿ ಅಳುತ್ತಿರಲಿಲ್ಲ, ಉರಿಯುತ್ತಿದ್ದಳು.

“ಯಾಕೆ ಅಳಿಸಿದ್ರಿ ಮಾವ? ನಾನು ಕೇಳಿದ್ನಾ?”

“ನೀನು ಚೆನ್ನಾಗಿ ಕಾಣ್ಲಿ ಅಂತ ಕಣೇ...”

“ಅಂದ್ರೆ ಇದ್ರೆ ಚೆನ್ನಾಗಿಲ್ವಾ?”

ಇಷ್ಟು ವರ್ಷ ಅಳಿಸಿದ್ದನೇ ಹೊರತು ಆ ಮಚ್ಚೆಯನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಈಗ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಎಡಗಡೆ ಸದಾ ಕತ್ತಲು ಬೀಳುವಂತೆ ಇಡುತ್ತಿದ್ದ ದೀಪವನ್ನು ಎಡಗೆನ್ನೆಯ ಕಡೆಗೇ ತಿರುಗಿಸಿದ. ಪರದೆಯ ಮೇಲೆ ಮುಖ ಮೂಡಿತು. ಕಂದು ಬಣ್ಣದ ಮಚ್ಚೆ, ಅದರ ನಡುವೆ ಒಂದು ಸಣ್ಣ ಕೂದಲು. ಬೆರಳು ತುರಿಸುತ್ತಿತ್ತು, ಪಾಪ. ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಪ್ರಿಂಟ್ ತೆಗೆದ.

ಕಚೇರಿಗೆ ಮೂವರೂ ಹೋದರು. ಒಳಗೆ ಬಿಟ್ಟದ್ದು ಹುಡುಗಿಯನ್ನು ಮಾತ್ರ. ಹೊರಗಿನ ಬೆಂಚಿನ ಮೇಲೆ ಅಣ್ಣ ತಂಗಿ ಇಬ್ಬರೂ ಕೂತರು. ಇವಳಿಗೇನಾದರೂ ತಪ್ಪಿಹೋದರೆ ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಆಣೆ ಹಾಕಿಕೊಂಡ. ಅಂಥ ಆಣೆ ಉಳಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಆದರೂ ಸಂಕಟಕ್ಕೆ ಏನಾದರೂ ಬೇಕಲ್ಲ.

ಹುಡುಗಿ ಹೊರಗೆ ಬಂದಳು. ತಾಯಿ ಎದ್ದು ನಿಂತಳು.

“ಒಳಗಿದ್ದೋರು ಫೋಟೊ ನೋಡಿದ್ರು, ನನ್ನ ನೋಡಿದ್ರು, ಮತ್ತೆ ಫೋಟೊ ನೋಡಿದ್ರು. ಮಚ್ಚೆ ಮೇಲೆ ಬೆರಳಿಟ್ಟು ‘ಹಾಂ, ಇದೇ’ ಅಂದ್ರು. ವೀಸಾ ಆಯ್ತಮ್ಮ!” ಎಂದವಳು ಅಳುತ್ತ ನಗತೊಡಗಿದಳು. “ಇದಿದೆ ಅಂತ ಎಲ್ರೂ ಬೇಡ ಅಂದ್ರು. ಇವರು ನೋಡು, ಇದಿಲ್ದೆ ಒಳಗೇ ಬಿಡಲ್ವಂತೆ.”

ಸ್ಟುಡಿಯೋದವನಿಗೆ ಹೋದ ಜೀವ ಬಂದಂತಾಯಿತು. “ಸದ್ಯ, ಬದುಕ್ಕೊಂಡೆ” ಎಂದು ಬೆಂಚಿಗೆ ಒರಗಿದ. ಟೈಲರಮ್ಮ ಮಾತ್ರ ಕೂರಲಿಲ್ಲ. ಮಗಳ ಎಡಗೆನ್ನೆಗೆ ಅಂಗೈ ಹಚ್ಚಿ ನಿಂತೇ ಇದ್ದಳು. ಆಮೇಲೆ ಇವನತ್ತ ತಿರುಗಿದಳು.

“ಅಣ್ಣಾ, ಇವಳು ಹೋದ್ಮೇಲೆ ನೋಡ್ಕೊಂಡಿರೋಕೆ ನನ್ನ ಹತ್ರ ನನ್ನ ಮಗಳ ಫೋಟೊ ಒಂದೂ ಇಲ್ವಲ್ಲ.”