ವೀರಶೆಟ್ಟಿ ಕಾಕಾನ ನಾಲ್ಕಾಣೆ ಡಬ್ಬಿ

ನಮ್ಮ ಕಡೆಯ ಹಿರಿಯರು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ತಿರುಗುವುದು ಹೊಸದೇನಲ್ಲ. ಆದರೆ ಹುಮನಾಬಾದಿನ ವೀರಶೆಟ್ಟಿ ಕಾಕಾನ ಹತ್ತಿಗೆ ಅತ್ತರಿನ ವಾಸನೆ ಇರುತ್ತಿರಲಿಲ್ಲ. ಅದು ಎರಡೂ ಕಿವಿಯ ತೂತಿಗೆ ಬಿರಡೆಯ ಹಾಗೆ ಜಡಿದಿರುತ್ತಿತ್ತು. ಬಸವಕಲ್ಯಾಣಕ್ಕೆ ಬರುವ ಬಸ್ಸಿನಲ್ಲಿ ಡ್ರೈವರ್ ಹಚ್ಚುವ ಹಾಡು, ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳ ಟೇಪು, ಮದುವೆ ಮನೆಯ ಬ್ಯಾಂಡು, ಇವೆಲ್ಲ ತನ್ನ ಕಿವಿಯನ್ನು ಕೆಡಿಸುತ್ತವೆ ಎಂಬುದು ಅವನ ವಾದ. "ಮಂದಿ ಕಣ್ಣಿಗಿ ಚಶ್ಮಾ ಹಾಕ್ತಾರ, ನಾ ಕಿವಿಗಿ ಪರದಾ ಹಾಕೀನಿ" ಎನ್ನುತ್ತಿದ್ದ. ನನ್ನ ಅಂಗಡಿಗೆ ಬಂದು, ಕುರ್ಚಿಯಲ್ಲಿ ಕುಳಿತು, ಆ ಹತ್ತಿಯನ್ನು ಒಂದೊಂದಾಗಿ ಎಳೆದು ಟೇಬಲ್ಲಿನ ಮೇಲಿಟ್ಟನೆಂದರೆ ಕೋರ್ಟು ಕೂತಿತು ಎಂದೇ ತಿಳಿಯಬೇಕು.

ಅವನು ನನ್ನ ಅಪ್ಪನ ಚಿಕ್ಕಪ್ಪನ ಮಗ. ಎದುರಿಗೆ ಮಾತಿಗೊಂದು 'ರಿ' ಹಚ್ಚಿಯೇ ಮಾತಾಡಿಸುತ್ತಿದ್ದೆ. ಮನಸ್ಸಿನಲ್ಲಿ ಎಂದೂ ಹಚ್ಚಲಿಲ್ಲ, ಇಲ್ಲಿಯೂ ಹಚ್ಚುವುದಿಲ್ಲ.

ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕಾಕಾನಿಗೆ ಹುಮನಾಬಾದಿನಲ್ಲಿ ಬಾಡಿಗೆಗೆ ಕೊಡುವ ಮೈಕ್‌ಸೆಟ್ಟಿತ್ತು. ಒಂದು ಆಂಪ್ಲಿಫೈಯರು, ನಾಲ್ಕು ಹಾರ್ನು. ಮದುವೆ, ಭಜನೆ, ಎಲೆಕ್ಷನ್ ಪ್ರಚಾರ ಎಲ್ಲದಕ್ಕೂ ಅವನೇ. ಸಾಮಾನು ಕಳುವಾದೀತೆಂದು ಹಾರ್ನಿನ ಬುಡದಲ್ಲೇ ಚಾಪೆ ಹಾಸಿಕೊಂಡು ಕೂರುತ್ತಿದ್ದ, ಊಟವೂ ಅಲ್ಲಿಯೇ. ಆಳೆತ್ತರದ ಸ್ಪೀಕರ್ ಡಬ್ಬಿಗಳು ಬಂದ ಮೇಲೆ ಹಾರ್ನು ಕೇಳುವವರಿಲ್ಲದೆ ಎಲ್ಲ ಮಾರಿದ. ಮೈಕು ಹೋಯಿತು, ಜಂಬ ಮಾತ್ರ ಮನೆಯಲ್ಲೇ ಉಳಿಯಿತು. ಆಮೇಲೆ ಅವನ ಪೂರ್ಣಾವಧಿ ಉದ್ಯೋಗವೆಂದರೆ ಬೇರೆಯವರ ಆವಾಜಿಗೆ 'ಥೂ' ಅನ್ನುವುದು. ಯಾರ ಮನೆಯಲ್ಲಿ ಹೊಸ ಟೇಪು, ಸಿಡಿ ಪ್ಲೇಯರು ತಂದರೂ ಕರೆಯದೆ ಹೋಗುತ್ತಿದ್ದ. ಹತ್ತಿ ತೆಗೆಯುವುದು, ಒಂದು ನಿಮಿಷ ಕಣ್ಣು ಮುಚ್ಚುವುದು, ಆಮೇಲೆ ತೀರ್ಪು. ಅಂಕ ಕೊಡುವುದು ಆಣೆಯ ಲೆಕ್ಕದಲ್ಲಿ. ಹದಿನಾರಾಣೆ ಎಂದರೆ ಅಸಲಿ. ಅದು ಯಾರಿಗೂ ಸಿಕ್ಕಿದ್ದನ್ನು ನಾನು ಕಾಣೆ. ಒಮ್ಮೆ ನಮ್ಮ ಪಕ್ಕದ ಬಟ್ಟೆ ಅಂಗಡಿಯವರು ಮಗಳಿಗೆಂದು ತಂದಿದ್ದ ಟೇಪಿಗೆ "ಎರಡಾಣೆ, ಅದೂ ಡಬ್ಬಿ ಚಂದ ಅದ ಅಂತ" ಎಂದು ಹೇಳಿ, ಅವರದೇ ಚಹಾ ಕುಡಿದು ಬಂದ.

ಇನ್ನೊಂದು ಸೊಕ್ಕೂ ಇತ್ತು. ಬೆನ್ನ ಹಿಂದಿನಿಂದ ಕರೆದರೆ ಓಗೊಡುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತು, ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ದೊಡ್ಡ ಸಾಹೇಬರ ಹತ್ತಿರವೂ ನಾನು ಹಾಗೆ ಹೋಗಿ ನಿಂತಿಲ್ಲ.

ಇಂಥವನನ್ನು ನಾನೇ ಕರೆಸಿಕೊಂಡೆ. ಎರಡು ಸಾವಿರದ ಐದರ ಆಚೀಚೆ ಇರಬೇಕು. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಟೈಪಿಂಗ್ ಅಂಗಡಿ ಇತ್ತು. ಕ್ಯಾಸೆಟ್ಟಿನ ಕಾಲ ಮುಗಿಯುತ್ತ ಬಂದಿತ್ತು. ನನ್ನ ಹತ್ತಿರ ಒಂದೇ ಒಂದು ಕ್ಯಾಸೆಟ್ಟಿತ್ತು, ಅದರಲ್ಲಿ ನನ್ನ ಅಪ್ಪ ಇದ್ದ. ಅಪ್ಪ ಘಾಟಬೋರಾಳದ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದವನು. ಕ್ಯಾಸೆಟ್ಟಿನ ಎರಡೂ ಮಗ್ಗಲು ತುಂಬ ಅವನ ಹಾಡನ್ನು ಕಾಕಾನೇ ತನ್ನ ಮೈಕು ಹಚ್ಚಿ ರೆಕಾರ್ಡ್ ಮಾಡಿದ್ದ. ಅದಾಗಿ ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ಅವನ ಧ್ವನಿ ಬೇರೆಲ್ಲೂ ಇಲ್ಲ. ಟೇಪು ಹಳೆಯದಾಗುತ್ತಿದೆ, ಕಂಪ್ಯೂಟರಿಗೆ ತುಂಬಿಸಿಟ್ಟರೆ ಅಪ್ಪ ಉಳಿದಾನು ಎಂಬುದು ನನ್ನ ಆಸೆ.

ಟೇಪಿನ ವೈರನ್ನು ಕಂಪ್ಯೂಟರಿನ ತೂತಿಗೆ ನೇರ ಚುಚ್ಚಿದರೆ ಹಾಡಿಗಿಂತ ಗುಂಯ್ ಎನ್ನುವುದೇ ಹೆಚ್ಚು. ಅದಕ್ಕೆ ಹೊರಗೊಂದು ಡಬ್ಬಿ ಬೇಕು, ಟೇಪಿನ ಆವಾಜನ್ನು ಕಂಪ್ಯೂಟರಿಗೆ ತಿಳಿಯುವ ಲೆಕ್ಕಕ್ಕೆ ತಿರುಗಿಸಿ ಕೊಡುವಂಥದ್ದು. ಹೈದರಾಬಾದಿಗೆ ಹೋದಾಗ ಎಲ್ಲಕ್ಕಿಂತ ಸೋವಿಯದನ್ನು ತಂದೆ. ಬೆಂಕಿಪೆಟ್ಟಿಗೆಯಷ್ಟಿತ್ತು, ನೀಲಿ ದೀಪ ಮಿಣುಕುತ್ತಿತ್ತು. ಪರೀಕ್ಷೆಗೆಂದು ಮೊದಲ ಹಾಡು ತುಂಬಿಸಿ ಕೇಳಿದೆ. ಅಪ್ಪ ಸಣ್ಣಗೆ ಕೆಮ್ಮಿದ. "ವೀರೂ, ಹಚ್ಚೀದೇನೋ?" ಎಂದು ಕಾಕಾನನ್ನು ಕೇಳಿದ. ಒಂದು ಉಸಿರು ಎಳೆದುಕೊಂಡು ಹಾಡಿಗೆ ಕೂತ. ನನ್ನ ಮೈ ಜುಮ್ಮೆಂದಿತು. ಬುದ್ಧಿ ಇದ್ದಿದ್ದರೆ ಅವತ್ತೇ ಎರಡೂ ಮಗ್ಗಲು ತುಂಬಿಸಿ ಕೈತೊಳೆದುಕೊಳ್ಳುತ್ತಿದ್ದೆ. ಕ್ಯಾಸೆಟ್ ಮಾಡಿದವನನ್ನು ಒಂದು ಮಾತು ಕೇಳೋಣ ಎಂದು ಫೋನ್ ಹಚ್ಚಿದೆ. ಅವನ ಹೆಂಡತಿ ಕಾಕೂ ಎತ್ತಿಕೊಂಡು, ಅವರಿಗೆ ಹೇಳಿ ಕಳಿಸುತ್ತೇನೆ ಎಂದಳು.

ಮಾರನೆಯ ದಿನವೇ ಬಂದ. ಹತ್ತಿ ತೆಗೆದ. ಹೆಡ್‌ಫೋನ್ ಹಾಕಿಕೊಂಡ. ಕಣ್ಣು ಮುಚ್ಚಿದ.

"ಥೂ. ಇದು ಮೂಗಿನಾಗ ಹಾಡ್ತದ ಬೇಟಿ. ನಾಲ್ಕಾಣೆ ಮಾಲು."

"ನನಗ ಛಲೋ ಕೇಳಾಕತ್ತದರಿ ಕಾಕಾ."

"ನಿನಗ ಝೆರಾಕ್ಸ್ ಮಾಡಾದು ಗೊತ್ತು. ಅಣ್ಣನ ಆವಾಜ್ ನನಗ ಗೊತ್ತು. ಖರಾಬ್ ಡಬ್ಬಿಯಾಗ ತುಂಬಿದ್ರ ಅಣ್ಣ ಖರಾಬ್ ಆಗೇ ಉಳೀತಾನ. ನಾ ಹೇಳೂತನಕ ತುಂಬಬ್ಯಾಡ."

ಹಾಗೆ ಶುರುವಾಯಿತು ಡಬ್ಬಿಗಳ ಸ್ವಯಂವರ. ಹೈದರಾಬಾದಿನಲ್ಲಿ ಅವನ ಗುರುತಿನವನೊಬ್ಬ ಅಂಗಡಿಕಾರ, ಬೇಡವಾದರೆ ವಾಪಸ್ ಎಂಬ ಕರಾರಿನ ಮೇಲೆ ಮಾಲು ಕೊಡುತ್ತಿದ್ದ. ಎರಡನೆಯದು ಕರಿಯ ತಗಡಿನ ಡಬ್ಬಿ. "ಹಾಲಿಗಿ ನೀರ ಬೆರಸ್ಯಾರ, ಏಳಾಣೆ." ಮೂರನೆಯದು ಕೆಂಪಗೆ, ಹೆಡ್‌ಫೋನಿಗೆ ಬೇರೆಯೇ ಗುಂಡಿ ಇದ್ದದ್ದು. ನನ್ನ ಕೈಗೆ ನಿಲುಕುವ ಬೆಲೆಯಲ್ಲಿ ಅದೇ ಕೊನೆಯದು. ಅದನ್ನು ಅರ್ಧ ದಿನ ಕೇಳಿ ಹೇಳಿದ: "ಇದ್ರಾಗ ಅಣ್ಣ ಹಾಡಾಕತ್ತಿಲ್ಲ. ಅಣ್ಣನ ವೇಷ ಹಾಕ್ಕೊಂಡು ಯಾರೋ ಹಾಡಾಕತ್ತಾನ." ನನಗಂತೂ ಮೂರಕ್ಕೂ ಕೂದಲೆಳೆಯಷ್ಟು ಫರಕು. ಇವನಿಗೆ ಅದರಲ್ಲಿ ಅದೇನು ಬೆಟ್ಟದಷ್ಟು ಕಾಣುತ್ತಿತ್ತೋ.

ಡಬ್ಬಿಯ ತಪ್ಪಿರಲಿಕ್ಕಿಲ್ಲ, ಹೆಡ್‌ಫೋನಿಗೆ ತಾಕತ್ತು ಸಾಲದು ಎಂದು ಆಮೇಲೆ ಹೊಸ ರಾಗ ತೆಗೆದ. ಹೆಡ್‌ಫೋನಿಗೆಂದೇ ಒಂದು ಚಿಕ್ಕ ಆಂಪ್ಲಿಫೈಯರನ್ನು ತಾನೇ ಕಟ್ಟಿಕೊಂಡು ಬಂದ, ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಯಲ್ಲಿ, ಬ್ಯಾಟರಿ ಹಾಕಿ. ಮುಚ್ಚಳ ತೆಗೆದರೆ ಇನ್ನೂ ಸಾಬೂನಿನ ವಾಸನೆ. ತನ್ನ ಮಾಲಿಗೆ ತಾನೇ ಹನ್ನೆರಡಾಣೆ ಕೊಟ್ಟುಕೊಂಡ. ಉಳಿದ ನಾಲ್ಕಾಣೆ ಅದರ ಹಿಂದಿನ ಡಬ್ಬಿಗಳ ಪಾಪವಂತೆ. ಒಮ್ಮೆ ಅವನು ಕೇಳುತ್ತಿದ್ದಾಗಲೇ ಹೆಡ್‌ಫೋನ್ ಇಸಿದುಕೊಂಡು ನನ್ನ ಕಿವಿಗೆ ಇಟ್ಟೆ. ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದ. ತನ್ನ ಸೋಪಿನ ಡಬ್ಬಿಯ ಪೌರುಷ ತೋರಿಸಲು ಹೀಗೆ ಮಾಡುತ್ತಾನೆ ಅಂದುಕೊಂಡೆ.

ಪರೀಕ್ಷೆಗೆ ಬೇರೆ ಯಾವ ಕ್ಯಾಸೆಟ್ಟೂ ಅವನಿಗೆ ನಡೆಯುತ್ತಿರಲಿಲ್ಲ. "ಸಿನಿಮಾ ಹಾಡ ಹಚ್ಚಿದ್ರ ಏನ ತಿಳೀತದ? ಅಣ್ಣನ್ನೇ ಹಚ್ಚು" ಎನ್ನುತ್ತಿದ್ದ. ಎರಡೂ ಮಗ್ಗಲಲ್ಲಿ ಒಂದೊಂದೇ ಹಾಡು, ಒಂದೊಂದೇ ಸಾಲು, ಹಿಂದೆ ಸುತ್ತುವುದು, ಮತ್ತೆ ಹಚ್ಚುವುದು. ವಾರಕ್ಕೆ ಎರಡು ಸಲ ಬರುತ್ತಿದ್ದ, ಬಂದರೆ ಸಂಜೆಯತನಕ ಅದೇ ಕೆಲಸ. ಝೆರಾಕ್ಸಿಗೆ ಬಂದ ಗಿರಾಕಿಗಳು ಇವನ ಧ್ಯಾನ ನೋಡಿ ಮೆಲ್ಲಗೆ ಮಾತಾಡುತ್ತಿದ್ದರು. ಟೇಪಿನ ಹೆಡ್ಡಿಗೆ ಕಂದು ಪುಡಿ ಮೆತ್ತಿಕೊಂಡಾಗಲೆಲ್ಲ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, "ನೋಡು, ಈಗ ಶೀಶಾ ಆತು, ಮಾರಿ ಕಾಣ್ತದ" ಎಂದು ಹೆಮ್ಮೆಪಡುತ್ತಿದ್ದ. ಕ್ಯಾಸೆಟ್ಟಿನ ರೀಲಿನಿಂದ ಉದುರಿದ ಆ ಕಂದು ಪುಡಿಯೇ ನನ್ನ ಅಪ್ಪನ ಹಾಡು ಎಂದು ನನಗೆ ಹೊಳೆಯಲಿಲ್ಲ. ನಾನು ಝೆರಾಕ್ಸಿನವಳು. ಇಪ್ಪತ್ತು ವರ್ಷ ಮೈಕ್‌ಸೆಟ್ ನಡೆಸಿದವನಿಗೆ ಹೊಳೆಯಬೇಕಿತ್ತು.

ಮೂರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ನಾನೊಬ್ಬಳೇ ಕೂತು ಮೊದಲ ದಿನ ತುಂಬಿಸಿದ್ದ ಹಾಡನ್ನೂ ಕ್ಯಾಸೆಟ್ಟನ್ನೂ ಒಂದಾದ ಮೇಲೊಂದು ಕೇಳಿದೆ. ಕಂಪ್ಯೂಟರಿನಲ್ಲಿದ್ದ ಅಪ್ಪನ ಕೆಮ್ಮು, ಉಸಿರು, 'ವೀರೂ' ಎಂಬ ಕರೆ ಯಾವುದೂ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಕಂಬಳಿ ಹೊದ್ದು ದೂರದಲ್ಲೆಲ್ಲೋ ಯಾರೋ ಹಾಡಿದ ಹಾಗಿತ್ತು. ಉಳಿದ ಹಾಡುಗಳಲ್ಲೂ ನಡುನಡುವೆ ಧ್ವನಿ ಮುಳುಗಿ ಏಳುತ್ತಿತ್ತು. ಕಾಕಾ ಬಂದ ಕೂಡಲೆ ಎದುರಿಗೆ ನಿಂತು ಹೇಳಿದೆ.

"ಕಾಕಾ, ಕ್ಯಾಸೆಟ್ ಸವದು ಹೋಗ್ಯಾದರಿ. ಇನ್ನ ಹಚ್ಚಾದ ಬ್ಯಾಡ. ಉಳದಷ್ಟಾದ್ರೂ ಇವತ್ತ ತುಂಬಿಬಿಡೋಣು."

"ಕ್ಯಾಸೆಟ್‌ಗಿ ಏನೂ ಆಗಿಲ್ಲ. ಡಬ್ಬಿ ಬದಲಿ ಮಾಡು."

ಹೇಳಿದವನೇ ಗುಂಡಿ ಒತ್ತಿದ. ಟೇಪು ಎರಡು ಸುತ್ತು ಸುತ್ತಿ ಒಳಗೆಲ್ಲೋ ಸಿಕ್ಕಿಕೊಂಡಿತು. ನಾನು ಕೈ ಹಾಕುವಷ್ಟರಲ್ಲಿ ತುಂಡಾಗಿ ಶಾವಿಗೆಯ ಹಾಗೆ ಹೊರಗೆ ಬಂತು. ನನ್ನ ಬಾಯಿಗೆ ತಡೆ ಇರಲಿಲ್ಲ. "ನಿಮ್ಮ ಕಿವಿ ಸತ್ತು ಹೋಗ್ಲಿ" ಎಂದು ಅಂಗಡಿ ತುಂಬ ಕೇಳುವ ಹಾಗೆ ಅಂದೆ. ಅವನು ಬಗ್ಗಿ ಆ ಟೇಪಿನ ಉಂಡೆಯನ್ನೇ ನೋಡುತ್ತಿದ್ದ, ತಲೆ ಎತ್ತಲಿಲ್ಲ. ತುಸು ಹೊತ್ತಿನ ಮೇಲೆ ಹತ್ತಿ ಇಟ್ಟುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನಾಚಿಕೆಯಾದರೂ ಆಗಿರಬೇಕು ಎಂದುಕೊಂಡೆ. ತುಂಡು ಜೋಡಿಸಿ ಹಚ್ಚಿ ನೋಡಿದರೆ ಎರಡೂ ಮಗ್ಗಲಲ್ಲಿ ಉಳಿದದ್ದು ಬರೀ ಮಬ್ಬು. ಆ ಮೊದಲ ಹಾಡೊಂದೇ, ನಾಲ್ಕಾಣೆ ಡಬ್ಬಿಯಲ್ಲಿ ತುಂಬಿಸಿದ್ದು, ನನ್ನ ಪಾಲಿಗೆ ದಕ್ಕಿತು.

ಎರಡು ವರ್ಷ ಮಾತಿಲ್ಲ. ಅವನ ಸೋಪಿನ ಡಬ್ಬಿ, ಹೆಡ್‌ಫೋನು ನನ್ನ ಅಂಗಡಿಯಲ್ಲೇ ಬಿದ್ದಿದ್ದವು. ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು. ಒಂದು ದಿನ ವಾಪಸ್ ಎಸೆದು ಬರೋಣ ಎಂದು ಹುಮನಾಬಾದಿಗೆ ಹೊರಟೆ. ಮೊಬೈಲಿನಲ್ಲಿ ಆ ಹಾಡನ್ನು, ಸೋಪಿನ ಡಬ್ಬಿಯಲ್ಲಿ ಹೊಸ ಬ್ಯಾಟರಿಯನ್ನು ಹಾಕಿಕೊಂಡಿದ್ದೆ. ನೀವು ಥೂ ಅಂದ ಡಬ್ಬಿಯೇ ಅಪ್ಪನನ್ನು ಉಳಿಸಿತು ಎಂದು ಮುಖಕ್ಕೆ ಹೇಳಿ ಬರಬೇಕಿತ್ತು. ಆ ಮಾತನ್ನು ಬಸ್ಸಿನಲ್ಲಿ ನಾಲ್ಕು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆ.

ಪಡಸಾಲೆಯಲ್ಲಿ ಕಾಕಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮನೆಯೊಳಗೆ ಕೂತಿದ್ದರಿಂದಲೋ ಏನೋ, ಕಿವಿಯಲ್ಲಿ ಹತ್ತಿ ಇರಲಿಲ್ಲ. ಬಾಗಿಲಲ್ಲೇ ನಿಂತು ಮೂರು ಸಲ ಕರೆದೆ. ತಿರುಗಲಿಲ್ಲ. ಅದೇ ಹಳೆಯ ಸೊಕ್ಕು ಎಂದು ಹಲ್ಲು ಕಡಿದೆ. ಒಳಗಿಂದ ಕಾಕೂ ಬಂದಳು.

"ಅಲ್ಲಿಂದ ಕರದ್ರ ಹ್ಯಾಂಗ ಕೇಳಸ್ತದವಾ? ಮುಂದ ಹೋಗು. ಮಾರಿ ನೋಡಿ ತಿಳ್ಕೋತಾರ."

"ಕಿವಿ ಯಾವಾಗ ಹೋದುವ ಕಾಕೂ?"

"ಹತ್ತ ವರ್ಷ ಮ್ಯಾಗ ಆತು. ಮೈಕಿನ ಬುಡಕ್ಕ ಕುಂತು ಕುಂತು. ಯಾರಿಗೂ ಹೇಳಬ್ಯಾಡ ಅಂತ ನನಗ ಆಣಿ ಹಾಕಿದ್ರು. ಹತ್ತಿ ಇಟ್ಕೊಂಡ್ರ ಮಂದಿ ಹತ್ತಿ ಸಲುವಾಗಿ ಕೇಳಸಲ್ದು ಅಂತಾರ, ಕಿವುಡ ಅನ್ನಾಂಗಿಲ್ಲ." ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮತ್ತೆ ಹೇಳಿದಳು: "ನಿಮ್ಮಲ್ಲಿಂದ ಬಂದ ದಿನ ಇಡೀ ಅದೇ ಮಾತು. ಡಬ್ಬಿ ಛಲೋದು ಸಿಕ್ಕರ ಅಣ್ಣ ಕೇಳಸ್ತಾನ, ನನ್ನ ಹೆಸರ ಹಿಡದು ಕರದಾನ ಅದ್ರಾಗ, ಅಂತಿದ್ರು."

ನನಗೆ ಸಿಟ್ಟು ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೇಳದ ಕಿವಿ ಇಟ್ಟುಕೊಂಡು ಊರಿಗೆಲ್ಲ ಥೂ ಅಂದವನು, ತನ್ನ ಕಿವುಡನ್ನು ಮೂರು ಡಬ್ಬಿಗಳ ತಲೆಗೆ ಕಟ್ಟಿದವನು, ನನ್ನ ಅಪ್ಪನನ್ನು ಉಜ್ಜಿ ಉಜ್ಜಿ ಒರೆಸಿ ಹಾಕಿದವನು. ಆದರೂ ಅಂಗಡಿಯಲ್ಲಿ ನಾನಾಡಿದ ಮಾತು ನೆನಪಾಗಿ ಮುಖ ಸುಟ್ಟ ಹಾಗಾಯಿತು.

ಎದುರಿಗೆ ಹೋಗಿ ಕೂತೆ. ನನ್ನ ಕೈಯಲ್ಲಿದ್ದ ಸೋಪಿನ ಡಬ್ಬಿಯನ್ನು ನೋಡಿ ಅವನ ಮುಖ ಅರಳಿತು. ಹೆಡ್‌ಫೋನನ್ನು ತಾನೇ ಇಸಿದುಕೊಂಡು ಏರಿಸಿದ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಮೊಬೈಲಿಗೆ ಡಬ್ಬಿಯ ವೈರು ಚುಚ್ಚಿ ಹಾಡು ಹಚ್ಚಿದೆ. ಹೆಡ್‌ಫೋನಿನ ಹೊರಗೂ ಕೇಳುವಷ್ಟು ಜೋರಾಗಿ ಅಪ್ಪ ಕೆಮ್ಮಿದ. "ವೀರೂ, ಹಚ್ಚೀದೇನೋ?" ಎಂದ. ಕಾಕಾ ಕಣ್ಣು ಮುಚ್ಚಿ ಕಾಯುತ್ತಿದ್ದ. ಅಪ್ಪ ಹಾಡಿ ಪಲ್ಲವಿ ಮುಗಿಸಿದ. ಕಾಕಾ ಕಣ್ಣು ತೆರೆದು ನನ್ನ ತುಟಿಯನ್ನೇ ನೋಡಿದ.

"ಶುರು ಆಗಿಲ್ಲೇನ ಇನ್ನಾ?"

ಬಸ್ಸಿನಲ್ಲಿ ನಾಲ್ಕು ಸಲ ಆಡಿ ನೋಡಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲರಿ ಕಾಕಾ," ಎಂದೆ, ತುಟಿ ಕಾಣುವ ಹಾಗೆ ನಿಧಾನವಾಗಿ. "ಆ ನಾಲ್ಕಾಣೆ ಡಬ್ಬಿಯಾಗ ತುಂಬಿದ್ದು. ಅದ್ರಾಗ ಏನೂ ಬಂದಿಲ್ಲ."

"ನಾ ಅವತ್ತೇ ಅಂದಿದ್ದೆ," ಎಂದ ಕಾಕಾ. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ. ಕಿಸೆಯಿಂದ ಹತ್ತಿ ತೆಗೆದು, ಬೆರಳಲ್ಲಿ ಹೊಸೆದು, ಒಂದೊಂದಾಗಿ ಎರಡೂ ಕಿವಿಗೆ ಇಟ್ಟುಕೊಂಡ. ಆ ಮಳೆಗಾಲದಲ್ಲಿ ತೀರಿಕೊಂಡನೆಂದು ಸುದ್ದಿ ಬಂದಾಗ ನಾನು ಮೊದಲು ಕೇಳಿದ್ದು, ಕಿವಿಯ ಹತ್ತಿ ತೆಗೆದರೇನು ಎಂದು. ತೆಗೆಯಲಿಲ್ಲವ್ವ, ಹಾಗೇ ಕಳಿಸಿದೆ ಎಂದಳು ಕಾಕೂ.