ತಮ್ಮ ಮೇಲೆ ತಾವೇ ಗೀಟೆಳೆದುಕೊಂಡ ಗುರುಗಳು

ನಮ್ಮ ನವಲಗುಂದ ಸೀಮೆಯಲ್ಲಿ ಸಮಾಜಶಾಸ್ತ್ರವನ್ನು ಪುಸ್ತಕದಿಂದ ಬಿಡಿಸಿ ಓಣಿಗೆ ತಂದವರನ್ನು ನೆನೆಯುವಾಗ ಪ್ರೊ. ಜಹೀರುದ್ದೀನ ನದಾಫ ಅವರ ಹೆಸರನ್ನು ಮೊದಲು ಹೇಳಬೇಕು. ಅವರು ಕಾಲೇಜಿಗೆ ಬಂದ ಹೊಸತರಲ್ಲಿ ಈ ವಿಷಯವನ್ನು ಮೈನರ್ ಆಗಿ ತೆಗೆದುಕೊಳ್ಳುವವರೂ ಬೆರಳೆಣಿಕೆಯಷ್ಟೇ ಇದ್ದರು. ಬೇರೆಲ್ಲೂ ಜಾಗ ಸಿಗದವರು ಅಲ್ಲಿ ಬಂದು ಕೂಡುತ್ತಿದ್ದರು. ಅವರು ನಿವೃತ್ತರಾಗುತ್ತಿರುವ ಈ ೧೯೮೯ರಲ್ಲಿ ಅದನ್ನೇ ಮೇಜರ್ ಆಗಿ ಬಯಸಿ ಬರುವ ಮಕ್ಕಳಿಗೆ ಬೆಂಚು ಸಾಲದಾಗಿದೆ. ಅವರ ವಿದ್ವತ್ತಿನ ಬಗ್ಗೆ ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ಇಲ್ಲಿರುವುದು ಅವರ ವಿದ್ಯಾರ್ಥಿನಿ ನೀಲಕ್ಕನ ಅಂಜಿಕೆಯ ಕಥೆ. ಅವಳ ಒಪ್ಪಿಗೆ ಪಡೆದೇ ಬರೆದದ್ದು.

ನೀಲಕ್ಕ ಅಣ್ಣಿಗೇರಿ ಕಡೆಯ ಒಕ್ಕಲುತನದ ಮನೆಯ ಹುಡುಗಿ. ೧೯೮೪ರಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಳು. ಬಂಧುತ್ವದ ಪಾಠ ಮುಗಿದೊಡನೆ ಸರ್ ಪ್ರತಿವರ್ಷ ಮಕ್ಕಳನ್ನು ಯಾವುದಾದರೊಂದು ಹಳ್ಳಿಗೆ ಕಳಿಸಿ ಮನೆಮನೆಯ ವಂಶದ ಚಿತ್ರ ಬರೆಸುತ್ತಿದ್ದರು. ನೀರಿನ ಕರದ ಗಲಾಟೆ ಇನ್ನೂ ಹಸಿಯಾಗಿದ್ದ ದಿನಗಳವು; ಕೈಯಲ್ಲಿ ಕಾಗದ ಹಿಡಿದವರನ್ನು ಕಂಡರೆ ವಸೂಲಿಗೆ ಬಂದವರೆಂದು ಜನ ಬಾಗಿಲು ಮುಚ್ಚುತ್ತಿದ್ದರು. ಅದಕ್ಕಾಗಿ ಸರ್ ಒಂದು ಪದ್ಧತಿ ಮಾಡಿದ್ದರು. ಚಿತ್ರವನ್ನು ಮೊದಲು ಆ ಮನೆಯ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ, ಮನೆಯವರ ಕಣ್ಣೆದುರೇ ಬರೆಯಬೇಕು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ದುಂಡು, ತೀರಿಹೋದವರ ಮೇಲೊಂದು ಓರೆ ಗೀಟು. ಜೊತೆಗೆ ಒಂದು ಮಾತು ಹೇಳಿದ್ದರು: ಸತ್ತವರ ಸುದ್ದಿಯನ್ನು ಎರಡನೆಯ ಸಲ ಕೇಳಿ ಯಾರನ್ನೂ ನೋಯಿಸಬೇಡಿರಿ.

ಆ ವರ್ಷ ಯಮನೂರಿನ ಆಚೆಯ ಒಂದು ಹಳ್ಳಿಗೆ ಹೋದರು. ಕುರಿಗಾರ ಭರಮಪ್ಪನ ಮನೆ ನೀಲಕ್ಕನ ಪಾಲಿಗೆ ಬಂತು. ಅದು ಯಾರ ಮನೆಯೆಂಬುದು ಅವಳಿಗೆ ಆಗ ತಿಳಿಯದು. ಅವನು ಕುರಿಗಳ ಹಿಂದೆ ಹೋಗಿದ್ದ, ಅವನ ತಾಯಿ ಮೈಲಾರವ್ವ ಹತ್ತಿ ಬಿಡಿಸಲು ಹೋಗಿದ್ದಳು. ಹೆಂಡತಿ ಹನಮವ್ವ ಆಗಷ್ಟೇ ತಲೆಗೆ ಎರೆದುಕೊಂಡು ಬಂದು ಕೂತಿದ್ದಳು; ಕೂದಲು ಒದ್ದೆ, ಹಣೆ ಬರಿದು. ಮನೆಯವರ ಹೆಸರೇನೆಂದು ಕೇಳಿದಾಗ ಅವಳು ತಲೆ ತಗ್ಗಿಸಿ ಸುಮ್ಮನಾದಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ರೂಢಿ ನೀಲಕ್ಕನಿಗೆ ತಿಳಿಯದ್ದಲ್ಲ. ಅವಳ ತಾಯಿಯೂ ಹೇಳುತ್ತಿರಲಿಲ್ಲ. ಆದರೆ ಆ ಬರಿಹಣೆ, ಆ ತಗ್ಗಿದ ತಲೆ ಬೇರೆಯದನ್ನೇ ನುಡಿದಂತಾಯಿತು. ಎರಡನೆಯ ಸಲ ಕೇಳಬಾರದೆಂಬ ಮಾತೂ ನೆನಪಾಯಿತು. ಸದ್ದಿಲ್ಲದೆ ಗಂಡನ ತ್ರಿಕೋನದ ಮೇಲೆ ಗೀಟೆಳೆದು ಮುಂದಿನ ಮನೆಗೆ ಹೋದಳು. ಗೀಟು ಯಾರಿಗೆ ಬೀಳುತ್ತದೆಂಬುದನ್ನು ಅಲ್ಲಿ ಕೇಳಿದವರಿಗೆ ವಿವರಿಸಿಯೂ ಹೇಳಿದಳು.

ಮೂರು ದಿನ ಕಳೆದಿರಬೇಕು. ಆ ಹಳ್ಳಿಯ ಬಸ್ಸಿನ ಕಂಡಕ್ಟರ್ ಕಾಲೇಜಿನ ಬಾಗಿಲಿಗೇ ಬಂದು ಸರ್ ಅವರಿಗೆ ಹೇಳಿದ: "ನಿಮ್ಮ ಹುಡಿಗಿ ಗೀಟು ಹೊಡದು ಹೋದ್ಳಂತ್ರಿ. ಭರಮಪ್ಪಗ ಛಳಿಜ್ವರ ಹತ್ತೇತಿ. ಡಾಕ್ಟರು ಕೊಟ್ಟ ಗುಳಿಗಿ ಗ್ವಾಡಿ ಮಾಡದಾಗ ಹಂಗ ಅದಾವ, ನುಂಗವಲ್ಲ. ಗೀಟು ಬಿದ್ದ ಮ್ಯಾಲ ಗುಳಿಗಿ ಯಾಕಂತಾನ."

ಸುದ್ದಿ ತಿಳಿದ ನೀಲಕ್ಕ ಸರ್ ಅವರ ಕೋಣೆಗೆ ಓಡಿದಳು. ಇಂಥ ನಂಬಿಕೆಗಳು ಹೇಗೆ ಹುಟ್ಟುತ್ತವೆಂದು ಹಿಂದಿನ ತಿಂಗಳಷ್ಟೇ ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದವಳು ಅವಳೇ. ಆ ಉತ್ತರ ಈಗ ಉಪಯೋಗಕ್ಕೆ ಬರಲಿಲ್ಲ. ಒಬ್ಬ ಮನುಷ್ಯ ಸಾಯುತ್ತಾನೆ, ತನ್ನ ಕೈಯ ಗೀಟಿನಿಂದ ಸಾಯುತ್ತಾನೆ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಸರ್, ಹಿಂಗೆಲ್ಲಾ ಆಗೂದಿಲ್ಲಂತ ನನಗ ಗೊತ್ತೈತ್ರಿ. ಆದ್ರೂ ಅಂಜಿಕಿ ಹೋಗವಲ್ದ್ರಿ."

ಸರ್ ನಗಲಿಲ್ಲ. "ಹೋಗಬೇಕಂತ ಯಾರ ಹೇಳ್ಯಾರವ್ವಾ? ಅಂಜಿಕೋತನ ಹೋಗೂಣು, ನಡಿ. ಎರಡನೇ ಸಲ ಕೇಳಬ್ಯಾಡ್ರಿ ಅಂದಾಂವ ನಾನು."

ಭರಮಪ್ಪನ ಪಡಸಾಲೆಯಲ್ಲಿ ಆ ಚಿತ್ರದ ಮೇಲೆ ಒಂದು ಬುಟ್ಟಿಯನ್ನು ಬೋರಲು ಹಾಕಿದ್ದರು. ಮನೆಯವರು ಗೋಡೆಗೆ ಆತು ಅದನ್ನು ಸುತ್ತಿ ನಡೆಯುತ್ತಿದ್ದರು. ಅಂದಿನಿಂದ ನೆಲ ಸಾರಿಸಿರಲಿಲ್ಲ. ಮೂಲೆಯಲ್ಲಿ ಕಂಬಳಿ ಹೊದ್ದ ಭರಮಪ್ಪ ನಡುಗುತ್ತಿದ್ದ.

"ಗೀಟು ಹೊಡದಾಕಿ ನೀನ ಏನವಾ?" ಎಂದಳು ಮೈಲಾರವ್ವ. "ನೋಡ, ಬಂಡಿ ಎತ್ತಾಂವ ಹೆಂಗ ಬಿದ್ದಾನ."

"ಆಕೀನ್ನ ಕಳಿಸಿದಾಂವ ನಾನ್ರೀ ಅವ್ವಾರ," ಎಂದರು ಸರ್.

ನೀಲಕ್ಕ ಬುಟ್ಟಿ ಸರಿಸಿ ಒದ್ದೆ ಕೈಯಿಂದ ಗೀಟನ್ನು ಒರೆಸಿದಳು. ಮೈಲಾರವ್ವನಿಗೆ ಸಮಾಧಾನವಾಗಲಿಲ್ಲ. "ಅಳಿಸಿದ್ರ ಆತೇನ್ರಿ? ಬಿದ್ದ ಗೀಟು ಸುಮ್ಮಕ ಹೊಕ್ಕೈತೇನು? ಯಾರರ ಅದನ್ನ ಹೊರಬೇಕಲ್ರಿ."

ಸರ್ ನೆಲದ ಮೇಲೆ ಕೂತು ಜೇಬಿನಿಂದ ಸೀಮೆಸುಣ್ಣ ತೆಗೆದರು. ತೀರಿಹೋಗಿದ್ದ ತಮ್ಮ ತಂದೆತಾಯಿಯರನ್ನು ಬರೆದು ಅವರ ಮೇಲೆ ಗೀಟೆಳೆದರು. ಕೆಳಗೆ ಹೆಂಡತಿ ಖಾಸಿಂಬಿಗೊಂದು ದುಂಡು, ತಮಗೊಂದು ತ್ರಿಕೋನ. "ಇದು ನಾನ್ರಿ," ಎಂದರು. ಮುಂದೇನೆಂದು ಅರಿತ ನೀಲಕ್ಕ ತಾನೇ ಎಳೆಯುತ್ತೇನೆಂದು ಕೈ ಚಾಚಿದಳು.

"ನಿನ್ನ ಕೈಲೆ ಇನ್ನೊಂದು ಗೀಟು ಬ್ಯಾಡವ್ವಾ," ಎಂದು ತಾವೇ ಎಳೆಯತೊಡಗಿದರು. ಅರ್ಧಕ್ಕೆ ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಿಂದ ಅವರು ಗೀಟನ್ನು ಕೊನೆ ಮುಟ್ಟಿಸಿದರು.

ಕಂಬಳಿಯೊಳಗಿಂದ ಭರಮಪ್ಪ ಕೇಳಿದ: "ಮಾಸ್ತರ, ಮನ್ಯಾಗ ಅಕ್ಕಾರು ಏನಂದಾರ್ರೀ?"

"ಆಕಿಗೆ ಯಾರೂ ಹೇಳಬ್ಯಾಡ್ರಿ, ರೊಟ್ಟಿ ಬಂದ್ ಮಾಡ್ತಾಳ. ನೀವು ಗುಳಿಗಿ ತಗೋರಿ, ನನಗ ಚಹಾ ಕೊಡ್ರಿ."

"ಗೀಟು ಬಿದ್ದಾಂವ ಚಹಾ ಕುಡಿಯೂದು ನೋಡೇ ಬಿಡೂಣು. ಚಹಾಕ್ಕಿಡ, ಹನಮೀ," ಎಂದ ಭರಮಪ್ಪ. ಹನಮವ್ವ ಗೋಡೆಯ ಮಾಡದಿಂದ ಗುಳಿಗೆಗಳನ್ನೂ ತೆಗೆದುಕೊಟ್ಟಳು.

ಅವನು ಗುಣವಾಗಿ ಕುರಿಗಳ ಹಿಂದೆ ಹೋದ ದಿನ ಮೈಲಾರವ್ವ ನೆಲ ಸಾರಿಸಿದಳು. ಊರಿನ ಅಂಜಿಕೆ ಅಲ್ಲಿಗೆ ಮುಗಿಯಿತು. ನೀಲಕ್ಕನದು ಮುಗಿಯಲಿಲ್ಲ, ಭರಮಪ್ಪನಿಂದ ಸರ್ ಅವರ ಮೇಲೆ ಬಂದು ಕೂತಿತು, ಅಷ್ಟೆ. ಅಂದಿನಿಂದ ಕಾಲೇಜಿಗೆ ಬಂದೊಡನೆ ಅವಳ ಕಣ್ಣು ಬೇವಿನ ಮರದ ಕೆಳಗೆ ಸರ್ ಅವರ ಸೈಕಲ್ಲನ್ನು ಹುಡುಕುತ್ತಿತ್ತು. ಅದು ಕಾಣದ ದಿನ ಊಟದ ಗಂಟು ಬಿಚ್ಚುತ್ತಿರಲಿಲ್ಲ. ಇದು ಸರ್ ಅವರ ಗಮನಕ್ಕೆ ಬಂದಿತ್ತು. ಅವಳನ್ನು ಕರೆದು ಬುದ್ಧಿ ಹೇಳಲಿಲ್ಲ, ನಾಲ್ಕು ಜನರೆದುರು ಹಾಸ್ಯ ಮಾಡಲಿಲ್ಲ. ರಜೆ ಹಾಕಿದ ದಿನವೂ ಬೆಳಗ್ಗೆ ಒಮ್ಮೆ ಬಂದು, ಹೆಣ್ಣುಮಕ್ಕಳ ಕೋಣೆಯ ಮುಂದೆ ಗಂಟೆ ಬಾರಿಸುತ್ತ ಸೈಕಲ್ ಹಾಯಿಸಿಕೊಂಡು ಮನೆಗೆ ಮರಳುತ್ತಿದ್ದರು. ಅವಳು ಬಿ.ಎ. ಮುಗಿಸುವ ತನಕ ಇದು ತಪ್ಪಲಿಲ್ಲ.

ನೀಲಕ್ಕ ಈಗ ಅಳ್ನಾವರದಲ್ಲಿ ಶಿಕ್ಷಕಿ. ನಿವೃತ್ತಿಯ ಸುದ್ದಿ ಕೇಳಿ ಮೊನ್ನೆ ಬಂದಿದ್ದಳು. ಬೇವಿನ ಕೆಳಗೆ ನಿಂತು, "ಜೂನಿನಿಂದ ಇಲ್ಲಿ ಸೈಕಲ್ ಇರೂದಿಲ್ಲಲ್ರಿ," ಎಂದಳು. ಐದು ವರ್ಷದ ಹಿಂದಿನ ಅದೇ ಅಂಜಿದ ಮುಖ. ಸರ್ ಅವಳ ಬಸ್ಸಿನ ಹೊತ್ತು ಕೇಳಿಕೊಂಡರು. ಸಂಜೆ ಬಸ್ಸು ಹೊರಡುವಾಗ ಅವಳ ಕಿಟಕಿಯ ಕೆಳಗೆ ಸೈಕಲ್ಲಿನ ಗಂಟೆ ಕೇಳಿಸಿತು.

ಹಿರಿಯರಾದ ಜಹೀರುದ್ದೀನ ಅವರಿಗೆ ದೇವರು ದೀರ್ಘಾಯುಷ್ಯವನ್ನೂ ಆರೋಗ್ಯವನ್ನೂ ಕೊಡಲಿ, ಅವರು ಕೂಡಿಸಿಟ್ಟ ಹಳ್ಳಿಗಳ ವಂಶಚಿತ್ರಗಳ ಬರವಣಿಗೆ ಇನ್ನಾದರೂ ಪೂರ್ತಿಯಾಗಲಿ. ಅವರಿಗೆ ನಮ್ಮದೊಂದು ಬಿನ್ನಹವಿದೆ: ಕೆಲಸವಿರಲಿ ಬಿಡಲಿ, ದಿನಕ್ಕೊಮ್ಮೆ ಸೈಕಲ್ಲಿನಲ್ಲಿ ಕಾಲೇಜಿನ ಮುಂದೆ ಹಾದುಹೋಗಬೇಕು. ಅಂಜುವವರು ನೀಲಕ್ಕ ಒಬ್ಬಳೇ ಅಲ್ಲ.