ನಾನು ಕತ್ತರಿಸಿದ ಹನ್ನೊಂದು ಮುಖಗಳು

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಜಯನಗರ, ಜೆ.ಪಿ. ನಗರದ ಕಡೆಯ ಒಂದು ಸಣ್ಣ ದಿನಪತ್ರಿಕೆಯವರು ರಿಟೈರ್ ಆಗಿದ್ದ ನನ್ನನ್ನು ಫೋಟೋ ಎಡಿಟರ್ ಆಗಿ ಮತ್ತೆ ಕರೆದಿದ್ದರು. ಯಾವ ಚಿತ್ರ ಹಾಕಬೇಕು, ಅದನ್ನು ಎಲ್ಲಿ ಕ್ರಾಪ್ ಮಾಡಬೇಕು, ಅಂದರೆ ಎಷ್ಟು ಕತ್ತರಿಸಬೇಕು ಅನ್ನೋದು ನನ್ನ ತೀರ್ಮಾನ. ಆ ಪತ್ರಿಕೆ ಈಗಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಹತ್ತಿರದ ಫುಟ್‌ಪಾತ್ ಮೇಲೆ ನೀರು ತುಂಬಿದ ಹನ್ನೊಂದು ಸ್ಟೀಲ್ ಲೋಟ. ಒಂದೊಂದರ ಹಿಂದೆಯೂ ಬೀದಿ ಗುಡಿಸುವ ಒಬ್ಬ ಹೆಂಗಸು, ಕುಡಿಯದೆ ಸುಮ್ಮನೆ ನಿಂತಿದ್ದಳು. ಹಾಜರಿ ಹಾಕುವ ಜಾಗದ ಟಾಯ್ಲೆಟ್ಟಿಗೆ ಮೇಸ್ತ್ರಿ ಬೀಗ ಜಡಿದಿದ್ದ. ಹಾಗಾಗಿ ಕೆಲಸ ಮುಗಿಯುವವರೆಗೂ ಅವರು ನೀರೇ ಮುಟ್ಟುತ್ತಿರಲಿಲ್ಲ. ಸ್ಲೋಗನ್ ಇಲ್ಲ, ಮೈಕ್ ಇಲ್ಲ. ಇದನ್ನು ಯೋಚಿಸಿದವಳು ಸುನಂದಾ, ಗದಗದಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಪರ್ಫಾರ್ಮೆನ್ಸ್ ಆರ್ಟಿಸ್ಟ್. ಗ್ಯಾಲರಿಗಳಲ್ಲಿ ಇಂಥದ್ದು ನೋಡಿ ನಾನು ಎಷ್ಟೋ ಸಲ ಆಕಳಿಸಿದ್ದೇನೆ. ಇದನ್ನು ನೋಡಿ ನನಗೇ ಬಾಯಾರಿತು.

ನಮ್ಮ ಫೋಟೋಗ್ರಾಫರ್ ತಂದ ಫೋಟೋದಲ್ಲಿ ಹನ್ನೊಂದು ಮುಖವೂ ಸ್ಪಷ್ಟವಾಗಿತ್ತು. ಗುರುತು ಸಿಕ್ಕರೆ ಪಾಪ ಕೆಲಸ ಹೋಗುತ್ತೆ ಅಂತ ನನ್ನಷ್ಟಕ್ಕೆ ಅಂದುಕೊಂಡು ಕತ್ತಿನಿಂದ ಮೇಲೆ ಕ್ರಾಪ್ ಮಾಡಿದೆ. ಹೆಸರೂ ಹಾಕಲಿಲ್ಲ. ಲೋಟ, ಕೈ, ಕೆಲಸದ ಹಸಿರು ಕೋಟು, ಅಷ್ಟೇ. ವೆರಿ ಎಲಿಗೆಂಟ್ ಅಂತ ಇಡೀ ಡೆಸ್ಕ್ ಹೊಗಳಿತು.

ಮಾರನೇ ದಿನ ಅವರನ್ನು ಕೆಲಸಕ್ಕಿಟ್ಟಿದ್ದ ಗುತ್ತಿಗೆದಾರ ಅದೇ ಪೇಪರ್ ಹಿಡಿದು, ಇವರು ನಮ್ಮ ಹೆಂಗಸರೇ ಅಲ್ಲ, ಕೋಟು ಹಾಕಿಸಿ ಕರೆತಂದ ಮಾಡೆಲ್‌ಗಳು ಅಂದುಬಿಟ್ಟ. ಬೀಗ ತೆಗೆಯಲಿಲ್ಲ. ಸುನಂದಾ ಹನ್ನೊಂದು ಜನರಲ್ಲಿ ಹಿರಿಯಳಾದ ಮುನಿಯಮ್ಮನನ್ನು ಕರೆದುಕೊಂಡು ನಮ್ಮ ಆಫೀಸಿಗೇ ಬಂದಳು.

"ಫೋಟೋ ಬಾಳ ಚಂದ ಬಂದೈತ್ರಿ ಮೇಡಂ. ಅದರಿಂದಾನ ತ್ರಾಸಾತು," ಅಂದಳು ಸುನಂದಾ.

ಕುರ್ಚಿ ತೋರಿಸಿದರೂ ಮುನಿಯಮ್ಮ ಕೂರಲಿಲ್ಲ. "ತಲೆ ಎಲ್ಲಿ ಮೇಡಂ? ಬಾಚ್ಕೊಂಡು, ಹೂವ ಮುಡ್ಕೊಂಡು ಬಂದಿದ್ವಿ."

"ನಿಮ್ಮ ಕೆಲಸಕ್ಕೆ ತೊಂದರೆ ಆಗಬಾರದು ಅಂತ…"

"ಅದು ನಮ್ಗೆ ಗೊತ್ತಿಲ್ವಾ? ಮೂರು ದಿನ ಮಾತಾಡ್ಕೊಂಡೇ ನಿಂತಿದ್ದು. ಇನ್ನಿಬ್ರು ಭಯ ಅಂದ್ರು, ಅವ್ರನ್ನ ಬಿಟ್ವಿ. ನಿಂತೋರನ್ನ ನೀವ್ಯಾಕೆ ಕತ್ತರಿಸಿದ್ರಿ?"

ಕತ್ತರಿಸದ ಮೂಲ ಫೋಟೋವನ್ನು ಕಂಪ್ಯೂಟರಿನಲ್ಲಿ ಮತ್ತೆ ತೆರೆದೆ.

ತಿದ್ದುಪಡಿ ಅಂದರೆ ಒಳಪುಟದ ಮೂಲೆಯಲ್ಲಿ ಎರಡು ಸಾಲು ಹಾಕುವುದು ವಾಡಿಕೆ. ಸಂಪಾದಕರ ಹತ್ತಿರ ಜಗಳ ಆಡಿ, ಅದೇ ಫೋಟೋವನ್ನು ಪೂರ್ತಿಯಾಗಿ ಅದೇ ಜಾಗದಲ್ಲಿ ಹಾಕಿಸಿದೆ. ಅದಕ್ಕೆ ಮೊದಲು ಹನ್ನೊಂದು ಜನರಿಗೂ ಫೋನ್ ಮಾಡಿ ಕೇಳಿದೆ. ಎಲ್ಲರೂ ಒಪ್ಪಿದರು. ಒಬ್ಬಳು ಇನಿಷಿಯಲ್ ಬಿಡಬೇಡಿ ಅಂದಳು. ಕ್ಯಾಪ್ಷನ್‌ನಲ್ಲಿ ಎಡದಿಂದ ಬಲಕ್ಕೆ ಅವರ ಹೆಸರಷ್ಟೇ. "ನನ್ನ ಹೆಸರು ತೆಗೀರಿ, ನಿಂತವರು ಅವರು," ಅಂದಿದ್ದಳು ಸುನಂದಾ. ಹಾಗೆ ಕೇಳಿದ ಆರ್ಟಿಸ್ಟನ್ನು ನಾನು ಅದುವರೆಗೆ ನೋಡಿರಲಿಲ್ಲ.

ಶುಕ್ರವಾರ ಬೀಗ ತೆಗೆದರು. ಆದರೆ ಮುನಿಯಮ್ಮನನ್ನು ದೂರದ ಗೊಟ್ಟಿಗೆರೆ ಕಡೆಗೆ ಕೆಲಸಕ್ಕೆ ಹಾಕಿದರು. ನನ್ನ ಹೆದರಿಕೆ ಪೂರ್ತಿ ಸುಳ್ಳಾಗಿರಲಿಲ್ಲ. ಫೋನ್ ಮಾಡಿ ಸಾರಿ ಅಂದೆ.

"ಗೊತ್ತಿದ್ದೇ ನಿಂತಿದ್ದು ಬಿಡಿ ಮೇಡಂ. ಇಲ್ಲೂ ಟಾಯ್ಲೆಟ್ಟಿಗೆ ಬೀಗ ಇದೆ, ನೋಡೋಣ."

ಅಪಾಯ ತಿಳಿದೇ ನಿಂತವರ ಬದಲು ಹೆದರೋದು ನನ್ನ ಕೆಲಸ ಅಲ್ಲ, ಮೊದಲು ಅವರನ್ನೇ ಕೇಳೋದು ನನ್ನ ಕೆಲಸ. ನಲವತ್ತು ವರ್ಷ ಫೋಟೋ ಆರಿಸಿದ ಮೇಲೆ ನಾನು ಅದನ್ನು ಕಲಿತೆ.